ಬಂಡೆಗೆ ಬೆನ್ನು ಕೊಟ್ಟ ಮನೆ

ನಾನು ಹುಟ್ಟಾ ಪುಕ್ಕಲ. ಇದನ್ನು ಹೀಗೆ ಬಾಯಿಬಿಟ್ಟು ಹೇಳುತ್ತಿರುವುದೇ ನಾನು ಈವರೆಗೆ ಮಾಡಿರುವ ದೊಡ್ಡ ಸಾಹಸ. ಯಾಕೆಂದರೆ ಹೊಟ್ಟೆಪಾಡಿಗೆ ನಾನು ಚನ್ನಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಮೈದಾನದ ನಡುವೆ ನಿಂತು ವಿಷಲ್ ಊದಿದರೆ ಇಡೀ ಶಾಲೆ ಕಂಬದ ಹಾಗೆ ನಿಲ್ಲುತ್ತದೆ. ನನ್ನ ಮೀಸೆ ನೋಡಿದ ಮಕ್ಕಳು ಮನೆಗೆ ಹೋಗಿ ನನ್ನ ಬಗ್ಗೆ ಏನೇನೋ ಕಥೆ ಹೇಳುತ್ತಾರಂತೆ. ಆ ಮೀಸೆಯ ಹಿಂದೆ ಕುಕ್ಕರ್ ಕೂಗಿದರೆ ಬೆಚ್ಚುವ, ರಕ್ತಪರೀಕ್ಷೆಗೆ ಕೈ ಚಾಚಿ ಮುಖ ತಿರುಗಿಸುವ, ಹೆದ್ದಾರಿ ದಾಟಬೇಕಾದರೆ ಅಪರಿಚಿತ ಮುದುಕಿಯರ ಪಕ್ಕ ಸೇರಿಕೊಂಡು ದಾಟುವ ಒಬ್ಬ ಮನುಷ್ಯ ಇದ್ದಾನೆಂದು ಗೊತ್ತಿರುವುದು ನನ್ನ ಹೆಂಡತಿ ಸುನಂದಳಿಗೆ ಮಾತ್ರ. ಹೆದರಿಕೆಗಳಲ್ಲೂ ದೊಡ್ಡದು ಚಿಕ್ಕದು ಇರುತ್ತದೆ. ನಾನು ನಲವತ್ತು ದಾಟಿದ ಮೇಲೆ ಕಲಿತದ್ದು, ಎಲ್ಲಕ್ಕಿಂತ ದೊಡ್ಡ ಹೆದರಿಕೆ ಮನೆ ಕೊಳ್ಳುವುದು ಎಂದು.

ರಾಮನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನು ಅದರ ಯಜಮಾನರು ಮಗನಿಗೆ ಬಿಟ್ಟುಕೊಡಬೇಕಾಗಿ ಬಂತು. ಮತ್ತೊಂದು ಬಾಡಿಗೆ ಮನೆ ನೋಡೋಣ ಎಂದೆ. ಸುನಂದ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ತಲೆ ಎತ್ತದೆ, "ಇನ್ನೊಂದ್ಸಲ ಸಾಮಾನು ಕಟ್ಟೋದಾದ್ರೆ ಅದು ನಮ್ಮ ಮನೆಗೇ ಕಟ್ಟೋದು" ಎಂದಳು. ಅವಳು ಮಾಗಡಿ ಕಡೆಯವಳು. ಚಿಕ್ಕಂದಿನಲ್ಲಿ ತೆಂಗಿನಮರ ಹತ್ತಿದವಳು. ಒಂದು ಸಲ ನಿರ್ಧಾರದ ಮೇಲೆ ಹತ್ತಿದರೆ ಕೆಳಗಿಳಿಯುವುದು ಕಾಯಿ ಕಿತ್ತ ಮೇಲೆಯೇ.

ಹಾಗೆ ನಮ್ಮ ಬದುಕಿನೊಳಗೆ ಬೋರೇಗೌಡ ಎಂಬ ಬ್ರೋಕರ್ ಬಂದ. ಅವನ ಹಳೆಯ ಕಾರಿನಲ್ಲಿ ಭಾನುವಾರಗಳಂದು ನಾವು ಜಿಲ್ಲೆಯನ್ನೆಲ್ಲ ಸುತ್ತಿದೆವು. ನಾನು ಅಲ್ಲಿಯವರೆಗೆ ಮನೆ ಎಂದರೆ ಇಟ್ಟಿಗೆ, ಸಿಮೆಂಟು, ಎರಡು ಕೋಣೆ, ಒಂದು ಹಜಾರ, ಎಲ್ಲಿದ್ದರೂ ಬೆಲೆ ಹೆಚ್ಚುಕಡಿಮೆ ಒಂದೇ ಇರುತ್ತದೆ ಎಂದು ನಂಬಿದ್ದೆ. "ಅಯ್ಯೋ ಮೇಷ್ಟ್ರೇ, ಮನೆಗೆಲ್ಲಿ ರೇಟು? ಅದು ನಿಂತಿರೋ ಜಾಗಕ್ಕೆ ರೇಟು. ಮನೆ ಅದರ ಮೇಲೆ ಸುಮ್ನೆ ಕೂತಿರ್ತದೆ" ಎಂದು ಬೋರೇಗೌಡ ನನ್ನ ಕಣ್ಣು ತೆರೆಸಿದ. ಕನಕಪುರದಲ್ಲಿ ಒಬ್ಬ ಯಜಮಾನರು ಗಂಟೆ ಎಷ್ಟಾಯಿತೆಂದು ಹೇಳುವಷ್ಟು ತಣ್ಣಗೆ ತಮ್ಮ ಮನೆಯ ಬೆಲೆ ಹೇಳಿದರು. ನಾನು ಕುಡಿಯಲು ನೀರು ಕೇಳಿದೆ. ಯಾಕಿಷ್ಟು ಎಂದರೆ ಬೋರೇಗೌಡ ರಸ್ತೆಯ ಕಡೆ ಕೈ ತೋರಿಸಿ, "ಬೆಂಗಳೂರು ಹಾರೋಹಳ್ಳಿ ದಾಟಿ ಈ ಕಡೀಕೇ ಬತ್ತಾ ಐತೆ ಸಾ" ಎಂದ. ಅವನು ಹೇಳಿದ ರೀತಿಗೆ ನಾನು ನಿಜವಾಗಿಯೂ ತಿರುಗಿ ರಸ್ತೆ ನೋಡಿದೆ. ಬಂದದ್ದು ಒಂದು ಹಾಲಿನ ಲಾರಿ. ಮಾಗಡಿಯ ಬೆಲೆ ನಮ್ಮ ಕೈಗೆ ಎಟುಕುತ್ತಿತ್ತು. ಆದರೆ ಅಲ್ಲಿಗೆ ರೈಲಿಲ್ಲ. ಬಸ್ಸು ಬದಲಿಸಿಕೊಂಡು ಚನ್ನಪಟ್ಟಣ ಸೇರುವಷ್ಟರಲ್ಲಿ ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಊಟಕ್ಕೆ ಕೂತಿರುತ್ತಿದ್ದರು. ಚನ್ನಪಟ್ಟಣದಲ್ಲಿ ಸ್ಟೇಷನ್ನಿನ ಹತ್ತಿರ ಹೋದಷ್ಟೂ ಬೆಲೆ ಏರುತ್ತಿತ್ತು, ವಿರೂಪಾಕ್ಷಿಪುರದ ಕಡೆ ಹೋದಷ್ಟೂ ಇಳಿಯುತ್ತಿತ್ತು. ಆದರೆ ಸುನಂದಳ ಗಿರಾಕಿಗಳೆಲ್ಲ ರಾಮನಗರದವರು. ಅವರ ಅಳತೆಗಳೆಲ್ಲ ಅವಳಿಗೆ ಬಾಯಿಪಾಠ. ಅವುಗಳನ್ನು ಹೊತ್ತುಕೊಂಡು ಹೊಸ ಊರಿಗೆ ಹೋಗಿ ಏನು ಮಾಡುವುದು?

ಕೊನೆಗೆ ರಾಮನಗರಕ್ಕೇ ಬಂದೆವು. ಬೆಟ್ಟದ ಬದಿಯ ಒಂದು ಬಡಾವಣೆಯಲ್ಲಿ ಎದುರುಬದುರು ಎರಡು ಮನೆ. ಒಂದೇ ಮೇಸ್ತ್ರಿ ಕಟ್ಟಿದ್ದು, ಒಂದೇ ನಕ್ಷೆ, ಕಿಟಕಿಯ ಸರಳುಗಳೂ ಒಂದೇ ತರಹ. ಬಲಗಡೆಯ ಮನೆ ಪುಟ್ಟಸ್ವಾಮಣ್ಣ ಎಂಬ ಹಾರ್ಡ್‌ವೇರ್ ಅಂಗಡಿಯವರದು. ಅದೂ ಮಾರಾಟಕ್ಕಿತ್ತು, ಬೆಲೆ ಕೇಳಿ ನಾವು ಅಂಗಳದಿಂದಲೇ ವಾಪಸಾದೆವು. ಎಡಗಡೆಯದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಕೆಲಸ ಮಾಡುತ್ತಿದ್ದ ಖಾದರ್ ಸಾಹೇಬರದು. ಅದರ ಬೆಲೆ ಎದುರುಮನೆಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ನಾನು ಸಂತೋಷಪಡಲು ಆರಂಭಿಸಿದ್ದೆ. ಸುನಂದ, "ಯಾಕೆ ಇಷ್ಟು ಕಮ್ಮಿ?" ಎಂದು ಕೇಳಿದಳು. ಬೋರೇಗೌಡ ಕೆಮ್ಮಿದ. ಖಾದರ್ ಸಾಹೇಬರು ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಮೇಲೆ ನೋಡಿದರು. ನಾವೂ ನೋಡಿದೆವು.

ಹಿತ್ತಿಲಿನ ಗೋಡೆಯ ಆಚೆ ಇಳಿಜಾರು. ಇಳಿಜಾರಿನ ತುದಿಯಲ್ಲಿ, ಆಕಾಶಕ್ಕೆ ಆತುಕೊಂಡ ಹಾಗೆ, ನಮ್ಮ ಶಾಲೆಯ ಕಟ್ಟಡದಷ್ಟು ದೊಡ್ಡ ಒಂದು ಗುಂಡನೆಯ ಬಂಡೆ. ಅದರ ಬುಡದಲ್ಲಿ ಆಚೆ ಕಡೆಯ ಬೆಳಕು ಕಾಣುತ್ತಿತ್ತು. ಯಾರೋ ತರಾತುರಿಯಲ್ಲಿ ಇಟ್ಟು, ಈಗ ಬಂದೆ ಎಂದು ಹೋದವರು ಬರುವುದನ್ನು ಮರೆತ ಹಾಗೆ ಅದು ಕೂತಿತ್ತು.

"ದೇವ್ರ ದಯ ಮೇಷ್ಟ್ರೇ, ನಮ್ಮ ಅಬ್ಬಾನ ಕಾಲದಿಂದ ಅದು ಕೂತಲ್ಲೇ ಕೂತೈತೆ" ಎಂದರು ಖಾದರ್ ಸಾಹೇಬರು. "ನಾನು ಮಗಳ ಮನೆ ಹತ್ರ ಹೋಗ್ಬೇಕು ಅಂತ ಮಾರ್ತಾ ಇದೀನಿ. ಬಂಡೆಗೆ ಹೆದರಿ ಅಲ್ಲ."

ನಾನು ಸುನಂದಳ ಕಡೆ ನೋಡಿದೆ. ಅವಳು ಬಂಡೆಯನ್ನು ನೋಡುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ, ಸಂಜೆಯ ಗಾಳಿ ಇವನ್ನೆಲ್ಲ ಆಗಲೇ ತನ್ನದಾಗಿಸಿಕೊಂಡಿದ್ದಳು. ಎರಡು ತಿಂಗಳಲ್ಲಿ ನಾವು ಹಾಲುಕ್ಕಿಸಿದೆವು.

ಸಾಮಾನು ಜೋಡಿಸುವ ದಿನವೇ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮಂಚದ ಕಾಲಿನ ಗುರುತು, ಸೊಳ್ಳೆಪರದೆಯ ಮೊಳೆಗಳು, ಫ್ಯಾನಿನ ಕೊಂಡಿ ಎಲ್ಲವೂ ರಸ್ತೆಯ ಕಡೆಯ ಹಜಾರದಲ್ಲಿದ್ದವು. ಬೆಟ್ಟದ ಕಡೆಯ ಕೋಣೆಯಲ್ಲಿ ಸೌದೆಯ ಪುಡಿ ಬಿಟ್ಟರೆ ಮನುಷ್ಯರು ವಾಸವಿದ್ದ ಯಾವ ಗುರುತೂ ಇರಲಿಲ್ಲ. ಬಂಡೆಗೆ ಹೆದರದ ಖಾದರ್ ಸಾಹೇಬರ ಕುಟುಂಬ ಅಷ್ಟು ವರ್ಷವೂ ಹಜಾರದಲ್ಲೇ ಮಲಗಿತ್ತು. ನಾನೂ ನಮ್ಮ ಮಂಚವನ್ನು ಅದೇ ಕಾಲಿನ ಗುರುತುಗಳ ಮೇಲೆ ಎಳೆದುಕೊಂಡು ಬಂದು ಇಟ್ಟೆ.

ಆ ಬೀದಿಯ ಜನ ಬಂಡೆಯ ವಿಷಯದಲ್ಲಿ ಬಹಳ ಉದಾರಿಗಳು. ಸಂಜೆ ನಾನು ಗೇಟಿನ ಹತ್ತಿರ ನಿಂತರೆ ಸಾಕು, ಯಾರಾದರೂ ಬಂದು ಅದು ಉರುಳಿದರೆ ಯಾವ ದಾರಿಯಲ್ಲಿ ಬರುತ್ತದೆಂದು ವಿವರಿಸುತ್ತಿದ್ದರು. ಹುಣಿಸೇಮರಕ್ಕೆ ತಾಗಿ ಎಡಕ್ಕೆ ತಿರುಗುತ್ತದೆ ಎಂದು ಒಬ್ಬರು, ಹಳ್ಳದಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಇನ್ನೊಬ್ಬರು. ಪುಟ್ಟಸ್ವಾಮಣ್ಣ ಮಾತ್ರ ತಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ, "ಏನೇ ಆಗ್ಲಿ ಮೇಷ್ಟ್ರೇ, ನಿಮ್ಮನೆ ಅಡ್ಡ ಐತಲ್ಲ, ನಮ್ಗೇನೂ ಆಗಾಕಿಲ್ಲ. ಅದ್ಕೇ ನಮ್ದಕ್ಕೆ ಒಸಿ ರೇಟು ಜಾಸ್ತಿ" ಎನ್ನುತ್ತಿದ್ದರು. ಅಂದರೆ ಅವರು ಕೇಳುತ್ತಿದ್ದ ಬೆಲೆಯಲ್ಲಿ ನಮ್ಮ ಮನೆಯ ಗೋಡೆಗಳೂ, ಗೋಡೆಗಳ ಜೊತೆಗೆ ನಾನೂ ಸೇರಿದ್ದೆ ಎಂದಾಯಿತು.

ಈ ಅನಿಶ್ಚಯ ತಡೆಯಲಾರದೆ ಒಂದು ಶನಿವಾರ ಮಧ್ಯಾಹ್ನ ನಾನು ಒಂದು ಪರೀಕ್ಷೆಗೆ ಇಳಿದೆ. ಶಾಲೆಯಿಂದ ಗುಂಡೆಸೆತದ ಕಬ್ಬಿಣದ ಗುಂಡನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಉಸಿರು ಕಟ್ಟಿಕೊಂಡು ಇಳಿಜಾರು ಹತ್ತಿದೆ. ಬಂಡೆಯ ನೆರಳಿನಲ್ಲಿ ನಿಂತಾಗ ಜೋರಾಗಿ ಸೀನಲೂ ಭಯ. ಗುಂಡನ್ನು ಮೆಲ್ಲಗೆ ನೆಲಕ್ಕಿಟ್ಟು ಕೈ ಬಿಟ್ಟೆ. ಹುಣಿಸೇಮರದ ಕಡೆಗೆ ಹೋಗಲಿ ಎಂದು ಮನೆದೇವರನ್ನು ನೆನೆದೆ. ಅದು ಹುಣಿಸೇಮರವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹಳ್ಳವನ್ನು ಒಂದೇ ನೆಗೆತಕ್ಕೆ ದಾಟಿತು. ಹಿತ್ತಿಲ ಗೋಡೆಯ ಮುರಿದ ಭಾಗವನ್ನು ಮೊದಲೇ ಗೊತ್ತಿದ್ದಂತೆ ಹುಡುಕಿಕೊಂಡು ಒಳನುಗ್ಗಿ, ನಮ್ಮ ಬಚ್ಚಲಮನೆಯ ಬಾಗಿಲಲ್ಲಿದ್ದ ನೀಲಿ ಡ್ರಮ್ಮಿಗೆ ಗುದ್ದಿತು. ಆ ಸದ್ದು ಬೆಟ್ಟಕ್ಕೆ ತಾಗಿ ವಾಪಸು ಬಂತು. ನಾನು ಓಡೋಡಿ ಕೆಳಗಿಳಿದಾಗ ಹಿತ್ತಿಲೆಲ್ಲ ನೀರು. ಸುನಂದ ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದಳು.

"ಬಂಡೆ ಬರೋದ್ರೊಳಗೆ ನೀವೇ ಮನೆ ಬೀಳಿಸ್ತೀರ" ಎಂದಳು.

ಅಂದಿನಿಂದ ನನಗೆ ಸಂದೇಹವೆಂಬುದು ಉಳಿಯಲಿಲ್ಲ. ಹೆದರಿಕೆಗೆ ಅಷ್ಟು ಸ್ಪಷ್ಟವಾದ ದಾರಿ ಸಿಕ್ಕಿದ ಮೇಲೆ ಅದು ದಿನವೂ ಆ ದಾರಿಯಲ್ಲೇ ಬರತೊಡಗಿತು. ಸ್ನಾನ ಮಾಡುವಾಗ ಮೈಗೆ ಸೋಪು ಹಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮಳೆ ಬಂದರೆ ಬುಡದ ಮಣ್ಣು ಕರಗುತ್ತದೆಂದು, ಬಿಸಿಲು ಬಂದರೆ ಕಲ್ಲು ಬಿರಿಯುತ್ತದೆಂದು, ಎರಡೂ ಇಲ್ಲದ ದಿನ ಇದೇನೋ ವಿಪರೀತ ಶಾಂತಿಯಾಗಿದೆಯಲ್ಲ ಎಂದು ಹೆದರುತ್ತಿದ್ದೆ. ಒಂದು ಭಾನುವಾರ ನನ್ನ ವೃತ್ತಿವಿದ್ಯೆಯನ್ನು ಮನೆಗೂ ತಂದೆ. ನಾನು ಮುನ್ಸೂಚನೆಯಿಲ್ಲದೆ ವಿಷಲ್ ಊದುವುದು, ಸುನಂದ ಇದ್ದಲ್ಲಿಂದ ಬೀದಿಗೆ ಓಡುವುದು ಎಂಬ ಅಭ್ಯಾಸ. ಮೊದಲನೆಯ ಸಲ ಅವಳು ದೋಸೆಯ ಸಟ್ಟುಗ ಹಿಡಿದು ಬೀದಿಗೆ ಬಂದಳು. ಎರಡನೆಯ ಸಲ ಬರಲಿಲ್ಲ. ಒಳಗಿನಿಂದ, "ನಂಗೆ ರವಿಕೆ ಕೊಡೋದೈತೆ, ನನ್ ಪಾಲಿಂದೂ ನೀವೇ ಓಡಿ" ಎಂಬ ಮಾತು ಬಂತು.

ಹೀಗೆ ಒಂದು ವರ್ಷ ಕಳೆಯುವಷ್ಟರಲ್ಲಿ ಬೋರೇಗೌಡ ಬೆಂಗಳೂರಿನ ಗಂಡ ಹೆಂಡತಿಯನ್ನು ಪುಟ್ಟಸ್ವಾಮಣ್ಣನ ಮನೆ ತೋರಿಸಲು ಕರೆದುಕೊಂಡು ಬಂದ. ವಾರಾಂತ್ಯಕ್ಕೆ ಬಂದಿರಲು ಅವರಿಗೊಂದು ಮನೆ ಬೇಕಿತ್ತಂತೆ. ಪುಟ್ಟಸ್ವಾಮಣ್ಣ ಜಗಲಿಗೆ ನೀರು ಹಾಕಿ ತೊಳೆಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ಆ ಹೆಂಗಸು ಕಾರಿನಿಂದ ಇಳಿದು ಅವರ ಮನೆಯ ಕಡೆ ನೋಡಲೇ ಇಲ್ಲ. ನಮ್ಮ ಮಾಳಿಗೆಯ ಮೇಲೆ ತಲೆ ಎತ್ತಿದ್ದ ಬಂಡೆಯನ್ನು ನೋಡಿ ಕೂಲಿಂಗ್ ಗ್ಲಾಸ್ ತೆಗೆದಳು. "ವಾವ್! ಎಂಥಾ ರಾಕ್ ವ್ಯೂ!" ಎಂದು ಗಂಡನ ಕೈ ಹಿಡಿದಳು. "ನಮಗೆ ಈ ಮನೆ ಬೇಡ, ಆ ಮನೆ ಕೇಳಿ."

ಸಂಜೆ ಬೋರೇಗೌಡ ನಮ್ಮ ಹಜಾರದಲ್ಲಿ ಕೂತು ಅವರು ಕೊಡುತ್ತೇವೆಂದ ಬೆಲೆ ಹೇಳಿದ. ಎದುರುಮನೆಗೆ ಪುಟ್ಟಸ್ವಾಮಣ್ಣ ಕೇಳುತ್ತಿದ್ದುದಕ್ಕಿಂತ ಅದು ಹೆಚ್ಚಾಗಿತ್ತು. "ರೇಟು ತಿರುಗ್‌ಬುಡ್ತು ಸಾ. ಈಗ ಬೆಟ್ಟ ಕಂಡ್ರೆ ಒಂದು, ಕಾಣ್ದಿದ್ರೆ ಒಂದು. ಮಾರ್‌ಬ್ಯಾಡಿ, ಇನ್ನೂ ಏರ್ತದೆ." ನಾನು ಮಾರಿ ಓಡಿಹೋಗೋಣ ಎಂದೆ. ಎಲ್ಲಿಗೆ ಎಂದು ಸುನಂದ ಕೇಳಿದಳು. ಆ ಹಣ ಹಿಡಿದು ಹೊರಟರೆ ಕನಕಪುರದಲ್ಲೂ ಚನ್ನಪಟ್ಟಣದಲ್ಲೂ ಬೆಲೆಗಳು ನಮಗಿಂತ ಮುಂದೆ ಓಡಿ ನಿಂತಿದ್ದವು. ಜೊತೆಗೆ ಅವಳ ಕರಿಬೇವಿನ ಗಿಡ ಆಗ ತಾನೇ ಚೆನ್ನಾಗಿ ಚಿಗುರಿತ್ತು.

ಪುಟ್ಟಸ್ವಾಮಣ್ಣ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಬಂಡೆ ಜನರ ಪ್ರಾಣಕ್ಕೆ ಅಪಾಯಕಾರಿ, ಕೂಡಲೇ ಒಡೆಸಬೇಕು ಎಂದು ನಗರಸಭೆಗೆ ದೂರು ಕೊಟ್ಟರು. ನಾನು ಒಂದು ವರ್ಷದಿಂದ ಮನಸ್ಸಿನೊಳಗೇ ಬರೆದಿಟ್ಟುಕೊಂಡಿದ್ದ ದೂರಿನ ಪ್ರತಿಯೊಂದು ಮಾತನ್ನೂ ಅವರು ಹೊರಗೆ ಹೇಳಿದ್ದರು. ಒಬ್ಬ ಇಂಜಿನಿಯರ್ ಬಂದರು, ತೆಳ್ಳಗಿನ ಯುವಕ. ಹಿತ್ತಿಲಲ್ಲಿ ನಿಂತು ಮೇಲೆ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ಆ ಎರಡು ಹೆಜ್ಜೆ ನೋಡಿ ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು.

"ಡೇಂಜರ್ ಅಲ್ವೇನ್ರೀ ಇದು?" ಎಂದರು.

ಹೌದು ಸಾರ್, ಕಾಪಾಡಿ ಸಾರ್ ಎಂದು ಕೂಗಲು ಬಾಯಿ ತೆರೆದೆ. ಸುನಂದ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ನನ್ನ ಬಾಯಿಂದ ಬಂದ ಮಾತೇ ಬೇರೆ.

"ಎಲ್ಲಿಯ ಡೇಂಜರ್ ಸಾರ್? ತಲತಲಾಂತರದಿಂದ ಕೂತಿರೋ ಬಂಡೆ. ಅದರ ಬುಡದಲ್ಲೇ ಮೇಕೆ ಮಲಗುತ್ತವೆ."

"ಮತ್ತೆ ಈ ಡ್ರಮ್ಮು ಯಾಕೆ ಹೀಗೆ ಒಳಗೆ ಹೋಗಿದೆ?"

"ಅದು ಬಂಡೆಯಲ್ಲ ಸಾರ್, ಗುಂಡು."

"ಗುಂಡೇ?" ಅವರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು.

ನಾನು ಡ್ರಿಲ್ ಮೇಷ್ಟ್ರೆಂದೂ, ಮನೆಯಲ್ಲೂ ಅಭ್ಯಾಸ ಮಾಡುತ್ತೇನೆಂದೂ ಸಮಜಾಯಿಷಿ ಕೊಟ್ಟೆ. ಅವರು ನನ್ನ ಮೀಸೆಯನ್ನೊಮ್ಮೆ ನೋಡಿದರು. "ನೀವು ಗಟ್ಟಿ ಮನುಷ್ಯರು ಬಿಡಿ ಸಾರ್, ನನ್ನ ಕೈಲಿ ಇಲ್ಲಿ ಒಂದು ದಿನವೂ ಆಗ್ತಿರಲಿಲ್ಲ" ಎಂದರು. ಇಲ್ಲಿ ವಾಸವಿರುವವರಿಗೇ ಭಯವಿಲ್ಲದ ಮೇಲೆ ಒಡೆಸುವ ತುರ್ತೇನೂ ಇಲ್ಲ ಎಂದು ಹೊರಟುಹೋದರು. ನನ್ನನ್ನು ಕಾಪಾಡಲು ಬಂದಿದ್ದ ಒಬ್ಬನೇ ಒಬ್ಬ ಮನುಷ್ಯ ಸ್ಕೂಟರ್ ಹತ್ತಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಗೇಟು ಹಿಡಿದುಕೊಂಡು ನೋಡುತ್ತಿದ್ದೆ.

ಬೀದಿಯಲ್ಲಿ ನನ್ನ ಧೈರ್ಯದ ಸುದ್ದಿ ಹಬ್ಬಿತು. ಬಂಡೆಯ ಕಡೆಯ ಸಾಲಿನ ಮನೆಗಳಿಗೆಲ್ಲ ಬೆಲೆ ಬಂತು, ನಮ್ಮ ಪಕ್ಕದ ಮನೆಯೂ ಮಾರಾಟಕ್ಕೆ ನಿಂತಿತು. ಉರುಳುವ ದಾರಿಯ ಬಗ್ಗೆ ಮಾತಾಡುತ್ತಿದ್ದವರು ಈಗ ಸೂರ್ಯೋದಯದಲ್ಲಿ ಬಂಡೆ ಯಾವ ಬಣ್ಣಕ್ಕೆ ತಿರುಗುತ್ತದೆಂದು ಮಾತಾಡುತ್ತಾರೆ. ಯಾರೂ ಈಗ ನನ್ನ ಹತ್ತಿರ ಹೆದರಿಕೆಯ ವಿಷಯ ಎತ್ತುವುದಿಲ್ಲ. ಪುಟ್ಟಸ್ವಾಮಣ್ಣ ಮಾತ್ರ ತಮ್ಮ ಮಾಳಿಗೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸುತ್ತಿದ್ದಾರೆ, ನಮ್ಮ ತಲೆಯ ಮೇಲಿಂದ ಬಂಡೆ ಪೂರ್ತಿ ಕಾಣಲಿ ಎಂದು.

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಹಿಂದುಗಡೆ ಧಡಧಡನೆ ದೊಡ್ಡ ಸದ್ದಾಯಿತು. ಆಮೇಲೆ ತಿಳಿಯಿತು, ಮಂಗಗಳ ಹಿಂಡೊಂದು ಬಚ್ಚಲಮನೆಯ ತಗಡಿನ ಮೇಲೆ ಹಾರಿತ್ತು. ಆ ಕ್ಷಣಕ್ಕೆ ನನಗೆ ಅದು ತಿಳಿಯುವ ಹಾಗಿರಲಿಲ್ಲ. ಬಾಯ ತುಂಬ ನೊರೆ, ಉಟ್ಟಿದ್ದ ಪಂಚೆ ಕೈಯಲ್ಲಿ ಎತ್ತಿಕೊಂಡು, "ಅಯ್ಯಯ್ಯೋ, ಬಂತು!" ಎನ್ನುತ್ತಾ ಒಂದೇ ಉಸಿರಿಗೆ ಮುಂಬಾಗಿಲಿಗೆ ಬಂದೆ. ಸುನಂದ ಅಲ್ಲಿ ರಂಗೋಲಿ ಹಾಕುತ್ತಿದ್ದಳು. ಚಂಗನೆ ಎದ್ದು, ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದಳು.

"ರೀ, ಹೆದರ್ಕೋಬೇಡಿ ಅನ್ನಾಕಿಲ್ಲ ನಾನು" ಎಂದಳು ಪಿಸುದನಿಯಲ್ಲಿ. "ಒಳಗೋಗಿ ಹೆದರ್ಕೊಳ್ಳಿ. ಪಕ್ಕದ ಮನೆ ನೋಡಾಕೆ ಜನ ಬಂದವ್ರೆ."

ನಾನು ಪಕ್ಕದ ಗೇಟಿನ ಹತ್ತಿರ ನಿಂತಿದ್ದವರಿಗೆ ನೊರೆಯ ಬಾಯಲ್ಲೇ ನಗುತ್ತಾ ಕೈಮುಗಿದು, ಒಳಗೆ ಬಂದು, ಬಾಗಿಲು ಹಾಕಿಕೊಂಡು, ಮಿಕ್ಕ ಹೆದರಿಕೆಯನ್ನು ಸದ್ದಿಲ್ಲದೆ ಮುಗಿಸಿದೆ.