ಕೋಚ್ ಕೂತ ದೋಣಿ

ಎಲ್ಲಕ್ಕೂ ಮೂಲ ಒಂದು ಬೋಗುಣಿ ಆಲೂಗಡ್ಡೆ ಸಲಾಡ್. ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬದ ದಿನ ಸೇಂಟ್ ಲೂಯಿಸ್ ಕಡೆಯ ಯಾವನೋ ತನ್ನ ಉದ್ದನೆಯ ದೋಣಿಯನ್ನು ಗುಡುಗಿಸಿಕೊಂಡು ಸರೋವರದ ಪಾಸಮ್ ಕೊಲ್ಲಿಯೊಳಕ್ಕೆ ಬಂದು ಒಂದು ಸುತ್ತು ಹೊಡೆದು ಹೋದ. ಅವನ ಹಿಂದೆ ಎದ್ದ ಅಲೆ ಲೊರೀನಳ ದೋಣಿಕಟ್ಟೆಯನ್ನು ಹತ್ತಿ, ಬೋಗುಣಿಯನ್ನು ಎತ್ತಿಕೊಂಡು, ಬಂದಷ್ಟೇ ಮರ್ಯಾದೆಯಿಂದ ಇಳಿದುಹೋಯಿತು.

ಲೊರೀನ್ ಕೊಲ್ಲಿಯ ನಿವಾಸಿಗಳ ಸಮಿತಿಗೆ ಕಾರ್ಯದರ್ಶಿ. ಆದ್ದರಿಂದ ಕೂಡಲೇ ನಿಯಮ ಬಂತು: ಈ ಕೊಲ್ಲಿಯಲ್ಲಿ ರಭಸದ ದೋಣಿ ಇರಕೂಡದು. ರಭಸದ ದೋಣಿ ಎಂದರೆ ಯಾವುದು? ಜೋರಾಗಿ ಸದ್ದು ಮಾಡುವುದು ಎಂದರು ಒಬ್ಬರು. ಚೂಪು ಮೂತಿಯದು ಎಂದರು ಇನ್ನೊಬ್ಬರು. ಪಕ್ಕದಲ್ಲಿ ಬೆಂಕಿಯ ಚಿತ್ರ ಬರೆಸಿದ್ದರೆ ಸಾಕು ಎಂದಳು ಲೊರೀನ್. ಕೊನೆಗೆ ಎರಡು ಗುರುತು ನಿಗದಿಯಾದವು. ಉದ್ದದ ಒಂದೊಂದು ಅಡಿಗೆ ಎಂಟು ಕುದುರೆಗಿಂತ ಹೆಚ್ಚು ಬಲದ ಎಂಜಿನ್ ಇರಬಾರದು. ಗಂಟೆಗೆ ಐವತ್ತು ಮೈಲಿ ದಾಟಿ ಓಡಬಾರದು. ಎರಡರಲ್ಲಿ ಒಂದು ತಪ್ಪಿದರೂ ದೋಣಿ ಆ ಸಂಜೆಯೊಳಗೆ ಹೊರಗೆ.

ದೋಣಿಗಳ ಪರೀಕ್ಷೆಯ ದಿನ ಬೆಳಿಗ್ಗೆ ಸಮಿತಿಯ ಅಧ್ಯಕ್ಷ ಕೋಚ್ ಹಾರ್ಗಿಸ್ ಅಳತೆಯ ಟೇಪು ಹಿಡಿದು, ಲೊರೀನಳನ್ನೂ ಕರೆದುಕೊಂಡು, ಕೊಲ್ಲಿಯ ನಿವಾಸಿ ವರ್ಲಿನ್‌ನ ಕಟ್ಟೆಗೆ ಇಳಿದ. ಕೋಚ್ ಹಿಂದೆ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಕಲಿಸಿದವನು. ಅವನು ಇಳಿದರೆ ಕಟ್ಟೆ ಒಂದು ಕಡೆಗೆ ವಾಲಿ ನಮಸ್ಕಾರ ಮಾಡುತ್ತಿತ್ತು.

"ಹದಿನಾರು ಅಡಿ ದೋಣಿ, ನೂರೈವತ್ತು ಕುದುರೆ ಎಂಜಿನ್ನು. ಏನಯ್ಯಾ ವರ್ಲಿನ್, ಮೀನು ಹಿಡಿಯೋಕ್ಕೆ ಹೋಗ್ತೀಯೋ, ಚಂದ್ರಲೋಕಕ್ಕೋ?"

"ಎಂಜಿನ್ನು ನೊವೇಲಾದು, ಕೋಚ್," ಎಂದ ವರ್ಲಿನ್.

ಅದು ಎಲ್ಲರಿಗೂ ಗೊತ್ತಿತ್ತು. ವರ್ಲಿನ್‌ನ ಹೆಂಡತಿ ನೊವೇಲಾ ಚರ್ಚಿನ ಶುಕ್ರವಾರದ ಮೀನೂಟದಲ್ಲಿ ಲಾಟರಿ ಚೀಟಿ ಎತ್ತಿ ಆ ಎಂಜಿನ್ ಗೆದ್ದಿದ್ದಳು. ಜೀವನದಲ್ಲಿ ಅವಳಿಗೆ ಬಂದ ಒಂದೇ ಬಹುಮಾನ ಅದು. ಅದರ ಸದ್ದನ್ನು ಜಗಲಿಯಿಂದ ಒಂದು ಸಲ ಕೇಳಿ ನಕ್ಕಳು. ಈಸ್ಟರಿಗೆ ಮುಂಚೆಯೇ ದೇವರು ಅವಳನ್ನು ಕರೆದುಕೊಂಡ. ಈಗ ವರ್ಲಿನ್ ಪ್ರತಿ ಬೆಳಿಗ್ಗೆ ಆ ದೋಣಿಯಲ್ಲಿ ಒಬ್ಬನೇ ಹೋಗಿ, ಗಾಳ ಬಿಟ್ಟು, ಅವಳೊಂದಿಗೆ ಮಾತಾಡಿ ಬರುತ್ತಿದ್ದ. ಉಳಿದ ದಿನವನ್ನು ಕಳೆಯಲು ಅವನಿಗೆ ಅಷ್ಟು ಸಾಕಾಗುತ್ತಿತ್ತು.

"ಓಟದಲ್ಲಿ ಇದು ಆಮೆ ಕಣಮ್ಮ," ಎಂದು ಅವನು ಲೊರೀನಳಿಗೆ ಬೇಡಿಕೊಂಡ. ಅದು ನಿಜ. ಬಾಲದಲ್ಲಿ ಅಷ್ಟು ಭಾರ ಹೊತ್ತ ದೋಣಿ ವೇಗ ಕೊಟ್ಟರೆ ಮೂತಿಯನ್ನು ಆಕಾಶಕ್ಕೆ ಎತ್ತಿ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಮೂವತ್ತೈದು ಮೈಲಿ ದಾಟಿದ್ದೇ ಇಲ್ಲ.

"ಅಡಿಗೆ ಒಂಬತ್ತು ಕುದುರೆ ಮೀರ್ತು. ಎಂಜಿನ್ನು ಬದಲಾಯಿಸು, ಇಲ್ಲ ದೋಣಿ ತೆಗಿ," ಎಂದಳು ಲೊರೀನ್.

ಅವರು ಆಚೆ ಹೋದದ್ದೇ ತಡ, ಪಕ್ಕದ ಕಟ್ಟೆಯ ಡೂಯಿ ಬೇಲಿಯ ಮೇಲಿಂದ ತಲೆ ಹಾಕಿದ. ಕರೆಯದೆ ಬಂದು ಸಹಾಯ ಮಾಡುವುದು ಅವನ ಸ್ವಭಾವ.

"ಕುದುರೆ ಕಡಿಮೆ ಮಾಡೋಕ್ಕಾಗಲ್ಲ ತಾನೇ? ಅಡಿ ಜಾಸ್ತಿ ಮಾಡು ಮಾರಾಯಾ!"

"ದೋಣಿ ಏನು ಸೋರೆಕಾಯಿಯೇ, ಬೆಳೆಯೋಕ್ಕೆ?"

ಡೂಯಿ ಮನೆಗೆ ಓಡಿ, ಚರ್ಚಿನವರು ಬಿಸಾಡಿದ್ದ ಓಕ್ ಮರದ ಬೆಂಚನ್ನು ಹೊತ್ತು ತಂದ. ಬೆಂಚಿನ ಒಂದು ತುದಿಯನ್ನು ದೋಣಿಯ ಮೂತಿಗೆ ಬೋಲ್ಟು ಹಾಕಿ ಬಿಗಿದರು. ಉಳಿದ ಮೂರಡಿ ನೀರಿನ ಮೇಲೆ ಚಾಚಿಕೊಂಡು ನಿಂತಿತು. ದೋಣಿ ಈಗ ನಾಲಿಗೆ ಹೊರಹಾಕಿ ಅಣಕಿಸುವ ಹುಡುಗನ ಹಾಗೆ ಕಾಣುತ್ತಿತ್ತು.

ಮಧ್ಯಾಹ್ನ ಕೋಚ್ ಮತ್ತೆ ಅಳೆದ. ಹತ್ತೊಂಬತ್ತು ಅಡಿ.

"ಇದು ಮೋಸ!" ಎಂದಳು ಲೊರೀನ್.

"ಬೋಲ್ಟು ಹಾಕಿದ್ದೆಲ್ಲ ದೋಣಿಯೇ. ನಿಯಮ ಬರೆದೋಳು ನೀನೇ," ಎಂದ ಕೋಚ್. "ಮೊದಲನೇದರಲ್ಲಿ ಪಾಸು. ಇನ್ನು ಓಟ. ಅಲೆ ನೋಡೋಕ್ಕೆ ನಾನು ಮುಂದೆ ಕೂರ್ತೀನಿ. ನೀನು ಹಿಂದೆ ವೇಗದ ಮುಳ್ಳು ನೋಡು."

ವರ್ಲಿನ್ ಮನಸ್ಸಿನಲ್ಲೇ ದೇವರಿಗೆ ಕೈಮುಗಿದ. ಓಟದ ಭಯ ಅವನಿಗಿರಲಿಲ್ಲ. ಕೊಲ್ಲಿ ದಾಟಿ ಬಯಲು ನೀರಿಗೆ ಬಂದು ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟ.

ದೋಣಿ ಮೂತಿ ಎತ್ತಲಿಲ್ಲ. ಎತ್ತುವುದು ಹೇಗೆ? ಮೂತಿಯ ತುದಿಯ ಬೆಂಚಿನ ಮೇಲೆ ಕೋಚ್ ಕುಳಿತಿದ್ದ. ಬಾಲದ ಭಾರಕ್ಕೆ ತಲೆಯ ಭಾರ ಸರಿಹೋಗಿ, ಆ ಎಂಜಿನ್ ಹಾಕಿದಾಗಿನಿಂದ ಕುಪ್ಪಳಿಸುತ್ತಿದ್ದ ದೋಣಿ ನೀರಿನ ಮೇಲೆ ಚಪ್ಪಟೆಯಾಗಿ ಮಲಗಿ ಬಾಣದ ಹಾಗೆ ಹೊರಟಿತು. ಕೋಚ್‌ನ ಟೋಪಿ ಹೋಯಿತು. ಕನ್ನಡಕ ಹೋಯಿತು. ಲೊರೀನ್ ಹಿಂದಿನಿಂದ ಜಪ ಮಾಡಿದಂತೆ ಕೂಗುತ್ತಿದ್ದಳು: "ನಲವತ್ತು... ನಲವತ್ತೆಂಟು... ಐವತ್ಮೂರು!"

ಕಟ್ಟೆಗೆ ಬಂದಾಗ ವರ್ಲಿನ್‌ನ ಮುಖದಲ್ಲಿ ರಕ್ತವಿರಲಿಲ್ಲ. "ಸಂಜೆಯೊಳಗೆ ಹೊರಗೆ," ಎಂದಳು ಲೊರೀನ್.

"ದೋಣಿದು ತಪ್ಪಲ್ಲ ಕಣಮ್ಮ, ಕೋಚ್‌ದು!" ಎಂದು ವರ್ಲಿನ್ ಅಳುದನಿಯಲ್ಲಿ ಕೂಗಿದ. "ಅವರನ್ನ ಇಳಿಸಿ ನೋಡು!"

ಕೋಚನ್ನು ಇಳಿಸಿ ನೋಡಿದರು. ಮೂವತ್ತೈದು. ಮತ್ತೆ ಹತ್ತಿಸಿದರು. ಐವತ್ಮೂರು. ಡೂಯಿಯನ್ನು ಕೂರಿಸಿದರು; ಅವನು ಮೊದಲ ಕುಪ್ಪಳಿಕೆಗೇ ನೀರಿಗೆ ಬಿದ್ದ. ಸಮಿತಿ ವರ್ಲಿನ್‌ನ ಅಂಗಳದಲ್ಲೇ ಸಭೆ ಸೇರಿ ಒಮ್ಮತದಿಂದ ತೀರ್ಮಾನಿಸಿತು: ದೋಣಿ ರಭಸದ್ದಲ್ಲ, ಕೋಚ್ ರಭಸದವನು. ದೋಣಿ ಇರಬಹುದು. ಕೋಚ್ ಮಾತ್ರ ಕೊಲ್ಲಿಯೊಳಗೆ ಅದನ್ನು ಹತ್ತಕೂಡದು.

ವರ್ಲಿನ್ ಕಣ್ಣೊರೆಸಿಕೊಂಡು ಎಂಜಿನ್ನನ್ನು ಒಮ್ಮೆ ತಟ್ಟಿದ. ಎಲ್ಲರೂ ಹೋದ ಮೇಲೆ ಸ್ಪ್ಯಾನರ್ ತಂದು ಬೆಂಚಿನ ಬೋಲ್ಟಿಗೆ ಕೈ ಹಾಕಿದ.

"ಅದನ್ನ ಮುಟ್ಟಬೇಡ!" ಎಂಬ ಧ್ವನಿ ಬಂತು. ಕೋಚ್ ಈಜುಚಡ್ಡಿ ತೊಟ್ಟು ದಡದಲ್ಲಿ ನಿಂತಿದ್ದ. "ಬೆಂಚು ತೆಗೆದ್ರೆ ಮತ್ತೆ ಹದಿನಾರು ಅಡಿ. ದೋಣಿ ಹೊರಗೆ."

ವರ್ಲಿನ್‌ನ ಕೈ ಬೋಲ್ಟಿನ ಮೇಲೇ ನಿಂತಿತು.

"ಎಪ್ಪತ್ತೊಂದು ವರ್ಷ ಬದುಕಿದೀನಿ ವರ್ಲಿನ್, ಇವತ್ತಿನಂಥ ಸಂತೋಷ ಕಂಡಿಲ್ಲ. ಕೊಲ್ಲಿಯೊಳಗೆ ತಾನೇ ಹತ್ತಬಾರದು? ಬೆಳಿಗ್ಗೆ ಬೆಳಿಗ್ಗೆ ಆ ಬಂಡೆ ಹತ್ರ, ಕೊಲ್ಲಿಯಿಂದ ಆಚೆಗೆ ಕಾಯ್ತಿರ್ತೀನಿ. ದಿನಾ."

"ಬೆಳಿಗ್ಗೆ ನಾನು ಒಬ್ಬನೇ ಮೀನು..."

"ಮೀನು ಎಲ್ಲಿಗೂ ಹೋಗಲ್ಲ ಬಿಡು. ನಾಳೆ ಸಿಡೇಲಿಯಾದಿಂದ ನನ್ನ ತಮ್ಮನೂ ಬರ್ತಾನೆ," ಎಂದು ಕೋಚ್ ಹೆಮ್ಮೆಯಿಂದ ಹೊಟ್ಟೆ ಸವರಿಕೊಂಡ. "ಅವನ ಮುಂದೆ ನಾನು ಏನೂ ಅಲ್ಲ."