ಮಳೆಯ ಪ್ರಯುಕ್ತ ಮಳೆ ಬಂದ್

ಇಂಥ ದಿನ ಸುಖಪಡತಕ್ಕದ್ದು ಎಂದು ಮೊದಲೇ ಗೊತ್ತುಮಾಡಿಬಿಟ್ಟರೆ, ಅಂದು ಬೆಳಗಿನಿಂದಲೇ ನಾನು ದಾರಿ ತಪ್ಪಿದವನಂತೆ ಮನೆಯೊಳಗೆ ತಿರುಗಾಡತೊಡಗುತ್ತೇನೆ. ಕೆಲಸದ ದಿನ ನಾನು ಗಟ್ಟಿ ಮನುಷ್ಯ. ಬೀದರಿನಿಂದ ಭಾಲ್ಕಿಗೆ ಹೋಗಿ, ಕಚೇರಿಯಲ್ಲಿ ಕೂತು, ನಾಲ್ಕು ಜನರ ಬೈಗುಳ ತಿಂದು ಸಂಜೆಗೆ ತಿರುಗಿ ಬರುವುದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಎಲ್ಲಿ ಕೂಡಬೇಕು, ಯಾರಿಗೆ ನಮಸ್ಕಾರ ಹಾಕಬೇಕು, ಯಾವಾಗ ಚಹಾ ಕುಡಿಯಬೇಕು ಎಲ್ಲವೂ ನಿಶ್ಚಿತ. ಸುಖದ ವಿಷಯ ಹಾಗಲ್ಲ. ಅದನ್ನು ಎಲ್ಲಿಂದ ಶುರುಮಾಡಬೇಕು, ಅದು ಆಗುತ್ತಿದೆಯೋ ಇಲ್ಲವೋ ಎಂದು ಯಾರನ್ನು ಕೇಳಬೇಕು, ಎಷ್ಟಾದರೆ ಸಾಕು ಎನ್ನುವುದು ಇಷ್ಟು ವಯಸ್ಸಾದರೂ ನನಗೆ ತಿಳಿದಿಲ್ಲ. ಮದುವೆಯ ದಿನವೂ ನಾನು ಮುಖ ಗಂಟು ಹಾಕಿಕೊಂಡೇ ಕೂತಿದ್ದೆ ಎಂದು ನನ್ನ ಹೆಂಡತಿ ಸುಜಾತಾ ಈಗಲೂ ಫೋಟೋ ತೆಗೆದು ಬಂದವರಿಗೆಲ್ಲ ತೋರಿಸುತ್ತಾಳೆ.

ನಾನು ಹೇಳಹೊರಟಿರುವುದು ಮಳೆ ಕೈಕೊಟ್ಟ ವರ್ಷಗಳ ಮಾತು. ಔರಾದ, ಸಂತಪುರ, ಕಮಠಾಣದ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಬೀದರಿನಲ್ಲಿ ಉಳಿದ ನಾವು ನಳದ ಮುಂದೆ ಕೂತಿದ್ದೆವು. ನಳ ಯಾವಾಗ ಬರುತ್ತದೆ ಎನ್ನುವುದು ನೀರು ಬಿಡುವವನೊಬ್ಬನಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತೆಂದು ನಾನು ಆಣೆ ಮಾಡಿ ಹೇಳಲಾರೆ. ಆ ಕಾಲದಲ್ಲಿ ನಮ್ಮಲ್ಲಿ ಒಂದು ಪದ್ಧತಿ ತಾನಾಗಿ ಬೆಳೆಯಿತು. ಯಾರು ಎಲ್ಲಿಗೆ ಹೊರಟರೂ ಕೈಯಲ್ಲಿ ಒಂದು ಖಾಲಿ ಕ್ಯಾನು ಇರುತ್ತಿತ್ತು. ಮದುವೆಗೆ ಹೋದವರು ಅಕ್ಷತೆ ಹಾಕಿ, ಊಟ ಮಾಡಿ, ಕ್ಯಾನು ತುಂಬಿಕೊಂಡು ಬರುತ್ತಿದ್ದರು. ಬಗದಲ್‌ನಲ್ಲಿ ನನಗೊಬ್ಬರು ದೂರದ ಕಾಕಾ ಇದ್ದಾರೆ. ಅವರ ಬೋರಿನಲ್ಲಿ ಇನ್ನೂ ನೀರಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಅವರ ಮೊಣಕಾಲು ನೋವಿನ ಬಗ್ಗೆ ನಮ್ಮ ಇಡೀ ಬಳಗಕ್ಕೆ ಚಿಂತೆ ಹತ್ತಿಕೊಂಡಿತು. ನಾನೂ ದಿನಾ ಎರಡು ಖಾಲಿ ಕ್ಯಾನು ಹಿಡಿದು ಭಾಲ್ಕಿಗೆ ಹೋಗುತ್ತಿದ್ದೆ, ಕಚೇರಿಯ ಫಿಲ್ಟರಿನಿಂದ ತುಂಬಿಕೊಂಡು ಬರುತ್ತಿದ್ದೆ. ನಮ್ಮ ಸಾಹೇಬರು ಏನೂ ಅನ್ನುತ್ತಿರಲಿಲ್ಲ, ಅವರದು ಮೂರು ಕ್ಯಾನು.

ಆದರೆ ಬಳಸುವ ನೀರಿನ ಭಾರವೆಲ್ಲ ಸುಜಾತಾಳ ಮೇಲಿತ್ತು. ನಳ ಬಂದೀತೆಂದು ಅವಳು ಮನೆ ಬಿಟ್ಟು ಕದಲುತ್ತಿರಲಿಲ್ಲ. ತನ್ನ ಗೆಳತಿಯ ಮಗಳ ಮದುವೆ ಪಕ್ಕದ ಓಣಿಯಲ್ಲೇ ಇದ್ದರೂ ಹೋಗಲಿಲ್ಲ. ಅಂದು ನಳವೂ ಬರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಅವಳು ತಟ್ಟೆ ಸರಿಸಿ, "ಒಂದ್ ದಿನ, ಬರೇ ಒಂದ್ ದಿನ, ನೀರಿನ ಚಿಂತಿ ಇಲ್ದಂಗ ಇರಬೇಕ್ರಿ" ಎಂದಳು. ಬಂಗಾರ ಕೇಳಿದ್ದರೆ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಇದಕ್ಕೆ ಯಾವ ನೆಪವೂ ಹೊಳೆಯಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಆಗಲಿ, ಅಂಥದೊಂದು ದಿನ ನಿನಗೆ ಕೊಡಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟ ವಾರದಲ್ಲೇ ಮಿಲಿಂದನ ಫೋನು ಬಂತು. ಮಿಲಿಂದ ಸುಜಾತಾಳ ತಮ್ಮ. ಸಂತಪುರದಲ್ಲಿ ತಂದೆಯ ಜೊತೆ ಕುರಿ ಕಾಯುತ್ತಿದ್ದವನು, ಮೇವು ಮುಗಿದ ಮೇಲೆ ಊರಿನ ಕೆಲವರೊಂದಿಗೆ ಹೈದರಾಬಾದಿಗೆ ಹೋಗಿ, ಊರ ಹೊರಗಿನ ಒಂದು ದೊಡ್ಡ ಆಟದ ಪಾರ್ಕಿನಲ್ಲಿ ಕೆಲಸಕ್ಕೆ ನಿಂತಿದ್ದ. "ಮಾಮಾ, ಕೆಲಸದವರ ಮನಿಯವ್ರಿಗಿ ಪಾಸ್ ಕೊಟ್ಟಾರ. ಐತವಾರ ಎಲ್ಲಾರೂ ಬರ್ರಿ. ಜಾರಗುಂಡಿ ಅದ, ತೆರಿ ಬರೋ ಹೊಂಡ ಅದ, ಮಳ್ಯಾಗ ಕುಣಿಯೋದೂ ಅದ" ಎಂದ. ನಾನು ಹಿಗ್ಗಿದೆ. ನೀರಿನ ಚಿಂತೆ ಬಿಡಲಿಕ್ಕೆ ಹೆಂಡತಿಯನ್ನು ನೀರಿನ ಪಾರ್ಕಿಗೇ ಕರೆದೊಯ್ಯುತ್ತಿದ್ದೇನಲ್ಲ ಎಂಬ ಸಂಶಯ ನನಗೆ ಬಂದದ್ದು ಶನಿವಾರ. ಅಷ್ಟರಲ್ಲಿ ಅವಳು ಸೀರೆ ಇಸ್ತ್ರಿ ಮಾಡಿಟ್ಟಿದ್ದಳು.

ಅದೇ ಶನಿವಾರ ಮಗಳು ಶ್ರೇಯಾ ಮೊಬೈಲ್ ನೋಡಿ, ಐತವಾರ ಹೈದರಾಬಾದಿನಲ್ಲಿ ಮಳೆ ಇದೆ ಎಂದು ಸಾರಿದಳು. ಮನೆಯಲ್ಲಿ ಸಭೆ ಕೂಡಿತು. ಮಳೆ ಬಂದರೆ ಪಾರ್ಕಿಗೆ ಹೋಗಬೇಕೋ ಬೇಡವೋ? ನೀರಿನ ಆಟಕ್ಕೆ ಮಳೆಯಿಂದ ತೊಂದರೆ ಏನು? ತೊಂದರೆ ಇಲ್ಲವಾದರೆ ಛತ್ರಿ ಯಾಕೆ? ಛತ್ರಿ ಬೇಡವೆಂದರೆ ಬಸ್ಸು ಇಳಿದು ಗೇಟಿನ ತನಕ ಹೋಗುವುದು ಹೇಗೆ? ಅಲ್ಲಿ ಹೋಗಿ ತೋಯಿಸಿಕೊಳ್ಳುವವರು ಗೇಟಿನ ತನಕ ಒಣಗಿರಬೇಕೆಂಬ ನಿಯಮ ಎಲ್ಲಿದೆ? ನನ್ನ ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಮಳಿ ಬಂದ್ರ ಪಾರ್ಕ್ ಯಾಕ ಬೇಕೋ? ಮಳಿ ಬರ್ಲಿಲ್ಲಂದ್ರ ಪಾರ್ಕಿನ್ಯಾಗ ನೀರ್ ಎಲ್ಲಿಂದ ಬರ್ತಾವ?" ಎಂದಳು. ಸಭೆ ಅಲ್ಲಿಗೆ ಮುಗಿದು, ಎಲ್ಲರೂ ಛತ್ರಿ ಹುಡುಕಲು ಎದ್ದೆವು.

ಛತ್ರಿ ಹುಡುಕಿದರೆ ಸಿಗಲಿಲ್ಲ. ಅದನ್ನು ಕೊನೆಯ ಸಲ ತೆರೆದದ್ದು ಯಾವಾಗ ಎಂಬುದೇ ಯಾರಿಗೂ ನೆನಪಿರಲಿಲ್ಲ. ನಾನು ಪೇಟೆಗೆ ಹೋಗಿ, ಮೊದಲು ಛತ್ರಿ ಕೊಂಡಿದ್ದ ಅಂಗಡಿಯಲ್ಲೇ ಕೇಳಿದೆ. ಅಂಗಡಿಯ ತುಂಬ ಪ್ಲಾಸ್ಟಿಕ್ ಡ್ರಮ್ಮು, ಪೈಪು. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಛತ್ರಿನಾ? ಯಾವ ಮುಲ್ಕಿಗಿ, ಯಾವ ದೇಶಕ್ಕ ಹೊಂಟೀರಿ ಸಾಹೇಬ್ರ?" ಎಂದರು. ಹೈದರಾಬಾದಿಗೆ ಎಂದೆ. "ಅಲ್ಲಿ ಬಿದ್ರ ಈ ಕಡಿ ಜರಾ ದೂಡ್ರಿ" ಎಂದು, ಅಟ್ಟದ ಮೇಲಿಂದ ಧೂಳು ತುಂಬಿದ ಒಂದು ಛತ್ರಿ ಇಳಿಸಿ ಕೊಟ್ಟರು. ಮನೆಗೆ ತಂದು ಬಿಚ್ಚಲು ಹೋದರೆ ಅದು ಬಿಚ್ಚಲಿಲ್ಲ. ಬಿಚ್ಚಿಕೊಂಡ ಮೇಲೆ ಮುಚ್ಚಲಿಲ್ಲ. ಐತವಾರ ಬೆಳಿಗ್ಗೆ ಬಿಸಿಲಿನಲ್ಲಿ ಹಾಗೇ ಬಿಚ್ಚಿದ ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆವು.

ನಳ ಬಂದರೆ ಪೈಪು ಹಚ್ಚುವ ಜವಾಬ್ದಾರಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿಯಾಗಿತ್ತು. ಇಂದು ಮನೆಯಲ್ಲಿ ಯಾರೂ ನೀರಿನ ಸುದ್ದಿ ಎತ್ತಕೂಡದು ಎಂದು ನಾನೇ ಹುಕುಂ ಮಾಡಿದ್ದೆ. ಓಣಿಯ ತಿರುವಿನಲ್ಲಿ ಸುಜಾತಾ ನನ್ನ ಕಡೆ ನೋಡಿ ನಿಂತಳು. "ಅವು ಯಾಕ್ರಿ?" ಎಂದಳು. ನಾನು ಕೆಳಗೆ ನೋಡಿಕೊಂಡೆ. ಛತ್ರಿಯನ್ನು ಹೆಗಲಿಗೆ ಆನಿಸಿದ್ದೆ; ಎರಡೂ ಕೈಯಲ್ಲಿ ಎರಡು ಖಾಲಿ ಕ್ಯಾನು ತೂಗುತ್ತಿದ್ದವು. ದಿನಾ ಮನೆ ಬಿಡುವಾಗ ಎತ್ತಿಕೊಳ್ಳುವ ಕೈ, ಇಂದೂ ಎತ್ತಿಕೊಂಡಿತ್ತು. ಶ್ರೇಯಾ ಹತ್ತು ಹೆಜ್ಜೆ ದೂರ ಸರಿದು, ತಾನು ಬೇರೆ ಮನೆಯವಳೆಂಬಂತೆ ನಡೆಯತೊಡಗಿದಳು. ತಿರುಗಿ ಹೋಗಿ ಇಟ್ಟು ಬರುವಷ್ಟರಲ್ಲಿ ಬಸ್ಸು ತಪ್ಪುತ್ತಿತ್ತು. "ಬಂದಾವ, ಇರ್ಲಿ ಬಿಡು" ಎಂದಳು ಅವ್ವ.

ಪಾರ್ಕಿನ ಗೇಟಿನಲ್ಲಿ ಚೀಲ ತಪಾಸಣೆ. ಹೊರಗಿನ ಊಟ ತರಬಾರದು, ಹೊರಗಿನ ನೀರು ತರಬಾರದು ಎಂದು ಫಲಕ. ಖಾಲಿ ಕ್ಯಾನಿನ ಬಗ್ಗೆ ಫಲಕದಲ್ಲಿ ಏನೂ ಇರಲಿಲ್ಲ. ಕಾವಲಿನವನು ಕ್ಯಾನು ಎತ್ತಿ ನೋಡಿದ, ಮುಚ್ಚಳ ತೆಗೆದು ಮೂಸಿದ, ಬೋರಲು ಹಾಕಿ ಅಲುಗಾಡಿಸಿದ, "ಯೇ ಕಾಯ್ಕು ಸಾಬ್?" ಎಂದು, ಇವು ಯಾಕೆಂದು ಕೇಳಿದ. ನಿಜ ಹೇಳಿದರೆ ಅವರ ನೀರು ಕದಿಯಲು ಬಂದವನಾಗುತ್ತೇನೆ, ಸುಮ್ಮನೆ ತಂದೆನೆಂದರೆ ಹುಚ್ಚನಾಗುತ್ತೇನೆ. ಅವ್ವ ಮುಂದೆ ಬಂದು, "ಯಾವ ಊರಪ್ಪಾ ನಿಂದು?" ಎಂದು ಕನ್ನಡದಲ್ಲೇ ಕೇಳಿದಳು. ಅವನು ತಡವರಿಸಿ, "ಔರಾದ ಕಡಿಯವ ಆಯಿ" ಎಂದ. "ಔರಾದದಾಂವ ಆಗಿ ಖಾಲಿ ಕ್ಯಾನ್ ಯಾಕಂತ ಕೇಳ್ತಿಯಲ್ಲೋ!" ಎಂದಳು ಅವ್ವ. ಅವನು ನಕ್ಕು, ನಮ್ಮವರೇ ಎಂದು ಗುರುತಿಸಿ ಜೈಭೀಮ್ ಹೇಳಿ, ಕ್ಯಾನುಗಳನ್ನು ತಾನೇ ಒಳಗೆ ತಂದು ನನ್ನ ಕೈಗೆ ಕೊಟ್ಟ.

ಒಳಗೆ ಮಿಲಿಂದ ನಮ್ಮನ್ನು ನೇರ ಮಳೆಯ ಮಂಟಪಕ್ಕೆ ಕರೆದೊಯ್ದ. ಮೇಲೆ ಪೈಪುಗಳು, ಕೆಳಗೆ ಸಿಮೆಂಟಿನ ಕಟ್ಟೆ, ಕಿವಿ ಕಿತ್ತುಹೋಗುವ ಹಾಡು. ಜನ ಸಾಲಾಗಿ ನಿಂತು, ಒಳಹೊಕ್ಕು, ಮೇಲಿಂದ ಸುರಿವ ನೀರಿನಲ್ಲಿ ಕುಣಿಯುತ್ತಿದ್ದರು. ಶ್ರೇಯಾ ಓಡಿ ಸೇರಿಕೊಂಡಳು. ಸುಜಾತಾ ಕಟ್ಟೆಯ ಅಂಚಿನಲ್ಲೇ ನಿಂತು, ನೀರು ಹರಿದುಹೋಗುವ ಗಟಾರದ ಬಾಯನ್ನೇ ನೋಡುತ್ತಿದ್ದಳು. "ಇಷ್ಟು ನೀರ್ ಎಲ್ಲಿ ಹೋಗ್ತದೋ ಮಿಲಿಂದಾ?" "ಸೋಸಿ ತಿರುಗಿ ಮ್ಯಾಲ ಕಳಸ್ತಾರಕ್ಕ." "ದಿನಾ?" "ದಿನಾ." ಅವಳು ಗಟಾರದಿಂದ ಕಣ್ಣು ಕೀಳಲಿಲ್ಲ. ಅವಳನ್ನು ನಳದಿಂದ ಬಿಡಿಸಿ ತರಲು ಹೋಗಿ, ನಳದ ಅಪ್ಪನ ಮುಂದೆಯೇ ತಂದು ನಿಲ್ಲಿಸಿದ್ದೆ. ಕೊಟ್ಟ ಮಾತು ಗಟಾರದ ಪಾಲಾಯಿತೆಂದುಕೊಂಡೆ.

ಅಷ್ಟರಲ್ಲಿ ಮೋಡ ಕವಿಯಿತು. ಗಾಳಿ ಬೀಸಿತು, ದಪ್ಪ ದಪ್ಪ ಹನಿ ಬಿತ್ತು. ತಕ್ಷಣ ಹಾಡು ನಿಂತಿತು, ಮಂಟಪದ ಪೈಪುಗಳೂ ನಿಂತವು. ಮೈಕಿನಲ್ಲಿ ಮೂರು ಭಾಷೆಯಲ್ಲಿ ಹೇಳಿದರು: ಮಳೆ ಬರುತ್ತಿರುವ ಕಾರಣ ಮಳೆಯ ಕುಣಿತ ಬಂದ್ ಮಾಡಲಾಗಿದೆ, ಎಲ್ಲರೂ ತೋಯದಂತೆ ಛಾವಣಿಯ ಕೆಳಗೆ ಬರಬೇಕು. ಮೂರು ಭಾಷೆಯಲ್ಲಿ ಕೇಳಿದರೂ ನನಗೆ ಅರ್ಥವಾಗಲಿಲ್ಲ. ಅದುವರೆಗೆ ಖುಷಿಯಿಂದ ತೊಯ್ಯುತ್ತಿದ್ದವರೆಲ್ಲ ತಲೆಯ ಮೇಲೆ ಟವೆಲ್ ಹಾಕಿಕೊಂಡು ಓಡಿ ಬಂದು ಛಾವಣಿ ಸೇರಿದರು. ಛಾವಣಿಯ ಕೆಳಗಿದ್ದ ಕೆಲಸದವರು ಮಾತ್ರ ಹೊರಗೆ ಓಡಿದರು. ಕಸ ಗುಡಿಸುವವರು, ತಿಂಡಿ ಅಂಗಡಿಯವರು, ಗೇಟಿನ ಔರಾದದವನು, ನಮ್ಮ ಮಿಲಿಂದ, ಮಳೆಯಿಲ್ಲದ ಊರು ಬಿಟ್ಟು ಬಂದ ಎಲ್ಲರ ಕಿವಿಯಲ್ಲೂ ಮೊಬೈಲು. "ಬಾಬಾ, ಇಲ್ಲಿ ಬೀಳ್ಲತ್ತದ, ಅಲ್ಲಿ?" "ಕಾಕಾ, ನಮ್ಮ ಕಡಿ ಹ್ಯಾಂಗದ?" ಮಿಲಿಂದ ಮೊಬೈಲಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ಕೂಗಿದ: "ಸಂತಪುರದಾಗ ಮ್ವಾಡ ಆಗ್ಯದಂತ! ಗಾಳಿ ಬಿಟ್ಟದಂತ!" ಇದಕ್ಕೆ ಹಿಗ್ಗಬೇಕೋ ಸುಮ್ಮನಿರಬೇಕೋ ಅವನಿಗೂ ತಿಳಿಯದೆ, ನಕ್ಕ.

ಸುಜಾತಾ ಮೊದಲು ಅಭ್ಯಾಸದಂತೆ ಅತ್ತಿತ್ತ ಕೊಡ ಹುಡುಕಿದಳು. ಅಲ್ಲಿ ಅವಳ ಕೊಡವಿರಲಿಲ್ಲ, ಡ್ರಮ್ಮಿರಲಿಲ್ಲ, ಕೂಗಿ ಕರೆಯುವ ನಳವಿರಲಿಲ್ಲ. ಒಂದು ಕ್ಷಣ ಖಾಲಿ ಕೈ ನೋಡಿಕೊಂಡಳು. ಆಮೇಲೆ ಚಪ್ಪಲಿ ಬಿಟ್ಟು, ಇಸ್ತ್ರಿ ಮಾಡಿದ ಸೀರೆಯಲ್ಲೇ ನಡೆದುಹೋಗಿ ಮಳೆಯ ನಡುವೆ ನಿಂತಳು. ಮುಖ ಮೇಲೆತ್ತಿ ಕಣ್ಣು ಮುಚ್ಚಿದಳು. ಶ್ರೇಯಾ ಹೋಗಿ ಅವಳ ಕೈ ಹಿಡಿದಳು. ಅವಳು ಹಾಗೆ ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. "ಬರ್ರೀ! ನೀವೂ ಬರ್ರಿ!" ಎಂದು ನನ್ನನ್ನು ಕೂಗಿದಳು.

"ಬಂದೆ, ಬಂದೆ!" ಎಂದೆ. ಆದರೆ ನಾನು ತಿಂಡಿ ಅಂಗಡಿಯ ತಗಡಿನ ಅಂಚಿನ ಕೆಳಗೆ, ಛತ್ರಿ ಹೆಗಲಿಗೆ ಆನಿಸಿ, ಕ್ಯಾನು ಮುಂದಿಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದೆ. ತಗಡಿನಿಂದ ಒಳ್ಳೆಯ ಧಾರೆ ಬೀಳುತ್ತಿತ್ತು. "ಮೊದಲ್ನೇ ನೀರ್ ಬಿಡೋ, ತಗಡಿನ ಧೂಳ್ ಬರ್ತದ" ಎಂದು ಅವ್ವ ಹಿಂದಿನಿಂದ ಹೇಳಿದ್ದಳು. ಬಿಟ್ಟೆ. ಒಂದು ಕ್ಯಾನು ತುಂಬಿತು, ಇನ್ನೊಂದನ್ನು ಹಚ್ಚಿದೆ. "ಬರ್ತೀರಿಲ್ಲೋ?" ಎಂದು ಅವಳು ಮತ್ತೆ ಕೂಗಿದಳು. "ತಡಿ, ಇದೊಂದು ಅರ್ಧ ಆಗ್ಯದ, ಈಗ ಬಂದೇಬಿಟ್ಟೆ!" ನಿಜವಾಗಿಯೂ ಹೋಗುವವನಿದ್ದೆ. ಮಳೆ ನಿಂತುಬಿಟ್ಟಿತು.

ಸುಜಾತಾ ಸೆರಗು ಹಿಂಡುತ್ತ ಬಂದಳು. ಗೇಟಿನವನು, ಮಿಲಿಂದ, ಕಸ ಗುಡಿಸುವ ಹೆಂಗಸರು ಎಲ್ಲರೂ ತೊಯ್ದು ತೊಪ್ಪೆಯಾಗಿದ್ದರು. ಅಷ್ಟು ಜನರ ನಡುವೆ, ಮುಚ್ಚಲು ಬಾರದ ಛತ್ರಿಯ ಕೆಳಗೆ, ತಲೆಕೂದಲು ಕೂಡ ಒದ್ದೆಯಾಗದವನು ನಾನೊಬ್ಬನೇ. ಅವಳು ನನ್ನನ್ನು ನೋಡಿದಳು, ಅರ್ಧ ತುಂಬಿದ ಕ್ಯಾನನ್ನು ನೋಡಿದಳು. ಬೈಯಲಿಲ್ಲ. ನನ್ನ ಮೊಣಕಾಲುಗಳ ನಡುವಿನಿಂದ ಕ್ಯಾನನ್ನು ಮೆಲ್ಲಗೆ ಎಳೆಯುತ್ತ, "ಇದನ್ನ ನಿಮ್ಮ ತಲಿ ಮ್ಯಾಲ ಸುರೀಲೇನ್ರಿ? ನೀವೂ ಒಂದೀಟು ತೋಯ್ರಿ" ಎಂದಳು.

ನಾನು ಎರಡೂ ಕೈಯಿಂದ ಕ್ಯಾನನ್ನು ಅವಚಿಕೊಂಡು, "ಏ ಬ್ಯಾಡ ಬ್ಯಾಡ, ಚೊಕ್ಕ ನೀರ್ ಅದ!" ಎಂದೆ.