ನಮ್ಮ ಬಿ.ಎ.ಗೆ ಹೆಣ್ಣು ಕೇಳಿದ ವರ್ಷ

ಓದು ಮುಗಿಸಿ ಸುಮ್ಮನೆ ಕೂತ ಗಂಡುಹುಡುಗ ಒಬ್ಬ ಮನೆಯಲ್ಲಿದ್ದರೆ ನಗೋ ಸಂಗತಿ ಹುಡುಕಿಕೊಂಡು ಬೀದಿಗೆ ಹೋಗಬೇಕಿಲ್ಲ. ಬಾಗಿಲು ತೆಗೆದಿಟ್ಟರೆ ಸಾಕು, ಅದೇ ಒಳಗೆ ಬಂದು ತಟ್ಟೆ ಮುಂದೆ ಕೂರುತ್ತೆ. ಈಗ ನಾನೂ ನಗ್ತೀನಿ. ಆಗ ಮಾತ್ರ ಬೆಳಗಾದರೆ ಇವತ್ತೇನು ಕಾದಿದೆಯೋ ಅಂತ ಹೆದರಿಕೊಂಡೇ ಏಳ್ತಿದ್ದೆ.

ನನ್ನ ಮಗ ಚಿಕ್ಕ ವಯಸ್ಸಿಗೇ ಹೋದ. ಉಳಿದದ್ದು ನಾನು, ಸೊಸೆ, ಒಬ್ಬ ಮೊಮ್ಮಗ. ಅವನು ಬಿ.ಎ. ಮುಗಿಸಿದ್ದೇ ತಡ, ಕಂಬಂನ ನಮ್ಮ ಬೀದಿಯವರು ಅವನ ಹೆಸರು ಮರೆತು ಬಿ.ಎ. ಅಂತಲೇ ಕೂಗೋಕೆ ಶುರು ಮಾಡಿದರು. ಕಾಮಯಗೌಂಡನ್‌ಪಟ್ಟಿಯಲ್ಲಿ ನನ್ನ ತಮ್ಮನ ದ್ರಾಕ್ಷಿ ತೋಟ. ತಮ್ಮನ ಮೊಮ್ಮಗಳು ನಮ್ಮವನಿಗೆ ವರಸೆಯ ಹುಡುಗಿ, ತೊಟ್ಟಿಲಲ್ಲೇ ಆಡಿಟ್ಟ ಮಾತು. ಹೊರಗೆ ತಮಿಳು ಆಡಿದರೂ ಒಲೆ ಮುಂದೆ ಕನ್ನಡ ಆಡೋ ಜನ ನಾವು. ಇಂಥ ಮಾತು ತಪ್ಪೋದಿಲ್ಲ. ಆದರೆ ಆ ವರ್ಷ ದಿಂಡಿಗಲ್ಲಿನಿಂದ ಬೀಗದ ಅಂಗಡಿಯವರು ಹುಡುಗಿಯನ್ನ ಕೇಳಿಕೊಂಡು ಬಂದರು. ತಮ್ಮ ನನ್ನನ್ನ ಪಕ್ಕಕ್ಕೆ ಕರೆದ.

"ಅಕ್ಕಾ, ಪೊಂಗಲ್‌ವರೆಗೂ ನೋಡ್ತೀನಿ. ಅಷ್ಟರಲ್ಲಿ ನಿನ್ನ ಮೊಮ್ಮಗ ಏನಾದರೊಂದು ಕೆಲಸ ಹಿಡಿಯಲಿ. ಇಲ್ಲದಿದ್ರೆ ಹುಡುಗಿ ದಿಂಡಿಗಲ್ಲಿಗೆ."

ಮೂವತ್ತು ದಾಟೋವರೆಗೂ ಈ ನನ್ನ ತಮ್ಮನೂ ಜಗುಲಿ ಬಿಟ್ಟು ಇಳಿದವನಲ್ಲ. ಅದನ್ನ ಎತ್ತಿದರೆ ಸಂಬಂಧ ಕೆಡುತ್ತೆ ಅಂತ ಬಾಯಿ ಮುಚ್ಚಿಕೊಂಡೆ. ಎಲ್ಲಿ ಕೆಲಸ ಸಿಗೋದಿಲ್ಲವೋ ಅನ್ನೋ ಭಯ ನನಗೆ. ಎಲ್ಲಿ ಸಿಕ್ಕಿಬಿಡುತ್ತೋ ಅನ್ನೋ ಭಯ ಮೊಮ್ಮಗನಿಗೆ.

ಸೇತುವೆ ಕಟ್ಟೆ

ಊರಾಚೆ ಕಾಲುವೆಗೆ ಒಂದು ಸೇತುವೆ, ಅದಕ್ಕೊಂದು ಮೋಟುಗೋಡೆ, ಎದುರಿಗೆ ಟೀ ಅಂಗಡಿ. ನಮ್ಮ ಬಿ.ಎ., ಅವನ ಜೊತೆ ಇನ್ನಿಬ್ಬರು ಓದಿದ ಸೋಮಾರಿಗಳು, ಬೆಳಗ್ಗೆ ತಲೆ ಬಾಚಿಕೊಂಡು ಕಚೇರಿಗೆ ಹೊರಟ ಹಾಗೆ ಹೋಗಿ ಆ ಗೋಡೆ ಮೇಲೆ ಕೂರೋರು. ಮಧ್ಯಾಹ್ನ ಊಟಕ್ಕೆ ಬಂದು ಮತ್ತೆ ಹೋಗೋರು. ಕಚೇರಿಯವರಾದರೂ ಭಾನುವಾರ ರಜ ಹಾಕ್ತಾರೆ, ಇವರಿಗೆ ಅದೂ ಇಲ್ಲ.

ಒಂದು ದಿನ ತಮ್ಮನ ಮೊಪೆಡ್ಡಿನ ಸದ್ದು ಕೇಳಿಸಿತು. ಕೂತಿರೋದು ಕಂಡರೆ ಹುಡುಗಿ ಹೋಯಿತು ಅಂತ ನಮ್ಮವನು ಹಿಂದಕ್ಕೆ ವಾಲಿ ಕಾಲುವೆಗೆ ಹಾರಿಬಿಟ್ಟ. ಯಾಕೆ, ಏನು ಅಂತ ಕೇಳದೆ ಉಳಿದಿಬ್ಬರೂ ಹಾರಿದರು. ಸೇತುವೆ ಕೆಳಗಡೆ ಹೆಂಗಸರು ಮೀಯೋ ಜಾಗ. ಅಲ್ಲಿ ಎದ್ದ ಕೂಗಿಗೆ ಟೀ ಅಂಗಡಿಯವನು ಕೈಯಲ್ಲಿದ್ದ ಲೋಟ ಬಿಟ್ಟ. ತಮ್ಮ ಗಾಡಿ ನಿಲ್ಲಿಸಿ ಬಗ್ಗಿ ನೋಡಿದರೆ, ಒದ್ದೆ ಸೀರೆಗಳ ನಡುವೆ ಕುತ್ತಿಗೆವರೆಗೂ ಮುಳುಗಿಕೊಂಡು, ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾನೆ ತನ್ನ ಮನೆಗೆ ಅಳಿಯ ಆಗೋನು.

ತಮ್ಮ ನೇರ ನಮ್ಮ ಮನೆಗೇ ಬಂದ. "ಏನಕ್ಕಾ, ನಿನ್ನ ಮೊಮ್ಮಗ ಹೆಂಗಸರ ಮಧ್ಯೆ ನಿಂತು ಏನು ಮಾಡ್ತಿದ್ದ?"

ಬಾಯಿಗೆ ಬಂದದ್ದು ಹೇಳಿದೆ. "ಕೆಲಸ ಹುಡುಕ್ತಿದ್ದ ಕಣಪ್ಪ."

ತೋಟ ಕಾಯೋ ಅಂಗಿ

ಕೆಲಸ ತಾನೇ, ನಾನೇ ಕೊಡ್ತೀನಿ ಅಂದ ತಮ್ಮ. ದ್ರಾಕ್ಷಿ ಬಣ್ಣ ತಿರುಗೋ ಕಾಲ, ಹಕ್ಕಿ ಕಾಟ. ಬಂದು ತೋಟ ಕಾಯಲಿ ಅಂತ ಹೇಳಿ ಕಳಿಸಿದ. ನಾನು ದೇವರಿಗೆ ದೀಪ ಹಚ್ಚಿ ಮೊಮ್ಮಗನನ್ನ ಕಳಿಸಿದೆ.

ಅವನಿಗೋ ಚಪ್ಪರದ ಕೆಳಗೆ ಕಾಲಿಡೋಕೆ ಭಯ. ಬಳ್ಳಿಯಿಂದ ಹಾವು ತಲೆ ಮೇಲೆ ಬೀಳುತ್ತೆ ಅಂತ ಯಾರೋ ಹೇಳಿದ್ದರಂತೆ. ಕೊನೆಗೆ ಒಂದು ಕೋಲು ನೆಟ್ಟು, ತನ್ನ ಅಂಗಿ, ಪ್ಯಾಂಟು ತೊಡಿಸಿ, ಹುಲ್ಲು ತುಂಬಿ, ತಲೆಗೆ ಟೋಪಿ ಇಟ್ಟು, ಲುಂಗಿ ಉಟ್ಟುಕೊಂಡು ಟೀವಿಯಲ್ಲಿ ಕ್ರಿಕೆಟ್ ನೋಡೋಕೆ ಸ್ನೇಹಿತನ ಮನೆಗೆ ಹೋದ. ಹುಡುಗಿ ಮಜ್ಜಿಗೆ ತಂದಳಂತೆ. ಬೊಂಬೆಯನ್ನ ಕೆಳಗಿಂದ ಮೇಲೆ ನೋಡಿ, ಅಂಗಿಯ ಮೇಲಿನ ಗುಂಡಿ ಹಾಕಿ, ಮಜ್ಜಿಗೆ ತಾನೇ ಕುಡಿದು ಹೋದಳು. ಯಾರಿಗೂ ಹೇಳಲಿಲ್ಲ.

ಸಾಯಂಕಾಲ ತಮ್ಮ ಬಂದ. ಮುಖದಲ್ಲಿ ಸಂತೋಷ. ಅವನ ಕಣ್ಣಿಗೆ ಪೊರೆ ಬರ್ತಿತ್ತು, ದೂರದ್ದೆಲ್ಲ ಮಸುಕು, ಬೇಲಿಯಿಂದಲೇ ನೋಡಿಕೊಂಡು ಬಂದಿದ್ದಾನೆ. ಹೆಂಗಸರ ಘಟ್ಟದ ವಿಷಯ ಎತ್ತಿ ಅಷ್ಟು ಹೊತ್ತು ಬೈದರೂ ಹುಡುಗ ಒಂದು ಎದುರು ಮಾತಾಡಲಿಲ್ಲವಂತೆ, ತಲೆ ಎತ್ತಲಿಲ್ಲವಂತೆ, ತಿದ್ದಿಕೊಂಡಿದ್ದಾನಂತೆ. ಆ ಹೊತ್ತಿಗೆ ಸರಿಯಾಗಿ ನಮ್ಮವನು ಅಡುಗೆಮನೆಯಲ್ಲಿ ದೋಸೆ ತಿಂತಿದ್ದ. ನಾನು ಹೋಗಿ ಆ ಬಾಗಿಲಿಗೆ ಅಡ್ಡ ನಿಂತೆ. ತಮ್ಮ ಇನ್ನೂ ಹೊಗಳ್ತಾನೇ ಇದ್ದ, ಇವತ್ತು ಒಂದು ಹಕ್ಕಿಯೂ ತೋಟಕ್ಕೆ ಇಳಿದಿಲ್ಲ ಅಂತ.

ಮಾರನೇ ದಿನ ಬೆನ್ನು ತಟ್ಟೋಕೆ ಅಂತ ಹತ್ತಿರ ಹೋದ ತಮ್ಮನ ಕೈಗೆ ಹುಲ್ಲು ಬಂತು. ಕೆಲಸ ಹೋಯಿತು. ಏನೇ ಹೇಳಿ, ನಮ್ಮ ಮನೆಯಿಂದ ಕೆಲಸಕ್ಕೆ ಹೋಗಿ ಹೊಗಳಿಸಿಕೊಂಡ ಮೊದಲ ಅಂಗಿ ಅದು.

ಬೋಳುತಲೆ

ಮಾರ್ಗಳಿ ತಿಂಗಳು ಹುಟ್ಟಿತು, ಪೊಂಗಲ್ ಹತ್ತಿರ ಬಂತು. ಸೊಸೆ ಅತ್ತು ಕರೆದು ಯಾರನ್ನೋ ಹಿಡಿದು ದಿಂಡಿಗಲ್ಲಿನ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಕೊಡಿಸಿದಳು. ಇವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ದಿಂಡಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಕಂಪನಿಗೆ ದಾರಿ ಕೇಳೋಕೂ ಹೆದರಿದನಂತೆ. ಪಕ್ಕದಲ್ಲಿ ಪಳನಿ ಬಸ್ಸು ಹೊರಡ್ತಿತ್ತು. ಹತ್ತಿಬಿಟ್ಟ. ಬರಿಗೈಲಿ ಮನೆಗೆ ಬಂದರೆ ಅಮ್ಮ ಪೊರಕೆ ತಗೋತಾಳೆ. ಮುಡಿ ಕೊಟ್ಟು, ತಲೆಗೆ ಗಂಧ ಬಳಿದುಕೊಂಡು, ಕೈಯಲ್ಲಿ ಪಂಚಾಮೃತ ಹಿಡಿದು ಬಂದವನನ್ನ ಯಾವ ತಾಯಿ ತಾನೇ ಹೊಡೀತಾಳೆ? ಬಿ.ಎ. ಓದಿ ಕಲಿತ ಬುದ್ಧಿ ಅದೊಂದೇ.

ಆದರೆ ಅವನು ಟೋಪಿ ಹಾಕಿಕೊಂಡು ಸಂದಿಯಲ್ಲಿ ಬರೋದು ನಮ್ಮ ಬೀದಿಯ ಎಸ್‌ಟಿಡಿ ಬೂತಿನವನ ಕಣ್ಣಿಗೆ ಬಿತ್ತು. ಅಪ್ಪ ಇಲ್ಲದ ಹುಡುಗ, ತಲೆ ಬೋಳು, ಮುಖ ಬಾಡಿದೆ. ಹಾಗಾದರೆ ಮುದುಕಿಗೆ ಕೊಳ್ಳಿ ಇಟ್ಟು ಬಂದಿದ್ದಾನೆ ಅಂತ ಲೆಕ್ಕ ಹಾಕಿ ಕಾಮಯಗೌಂಡನ್‌ಪಟ್ಟಿಗೆ ಫೋನು ಮಾಡಿಬಿಟ್ಟ. ನಾನು ಒಳಗೆ ಹುರುಳಿ ಆರಿಸ್ತಾ ಕೂತಿದ್ದೇನೆ, ಹೊರಗೆ ವ್ಯಾನು ನಿಂತ ಸದ್ದು. ಅಳು ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರೆ ತಮ್ಮನ ಕೈಯಲ್ಲಿ ಆಳುದ್ದದ ಮಾಲೆ, ಹಿಂದೆ ಎದೆ ಬಡಿದುಕೊಂಡು ಅವನ ಹೆಂಡತಿ.

ಒಂದು ಗಳಿಗೆ ನನಗೇ ಭಯವಾಯಿತು, ನಿಜವಾಗಿ ಹೋಗಿಬಿಟ್ಟೆನೋ ಏನೋ ಅಂತ. ಮೈ ಚಿವುಟಿಕೊಂಡೆ, ನೋಯಿತು. ಆಮೇಲೆ ಬಾಗಿಲ ಹಿಂದೆ ಕೂತು ಕಿವಿಗೊಟ್ಟೆ. ಸತ್ತ ಮೇಲೆ ನಮ್ಮನ್ನ ಏನಂತ ಹೊಗಳ್ತಾರೆ ಅನ್ನೋದನ್ನ ಕೇಳೋ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ? ತಮ್ಮನ ಹೆಂಡತಿ ರಾಗ ತೆಗೆದಳು.

"ಊರ ಮನೆಮನೆ ಮುರಿದ ಬಾಯಿ ಮುಚ್ಚಿತಲ್ಲಮ್ಮಾ!"

ತಡೆಯೋಕಾಗಲಿಲ್ಲ. "ಇನ್ನೂ ಇಲ್ಲ ಕಣೇ" ಅಂದೆ ಒಳಗಿಂದ.

ಅಳ್ತಿದ್ದವರು ಚಪ್ಪಲಿ ಬಿಟ್ಟು ಓಡಿದರು. ವ್ಯಾನಿನ ಡ್ರೈವರ್ ಅವರಿಗಿಂತ ಮುಂದೆ ಇದ್ದ.

ದೇವರ ಹೋರಿ

ಪೊಂಗಲ್ ಬಂದೇ ಬಂತು. ನಮ್ಮ ಕುಲಕ್ಕೆ ದೇವರಿಗೆ ಬಿಟ್ಟ ದನಗಳ ಹಿಂಡೊಂದು ಇದೆ. ಅವಕ್ಕೆ ನೊಗ ಹಾಕೋ ಹಾಗಿಲ್ಲ, ಹೊಡೆಯೋ ಹಾಗಿಲ್ಲ. ತಿಂದು ಮಲಗಿ ಕೈ ಮುಗಿಸಿಕೊಳ್ಳೋದೇ ಅವುಗಳ ಕೆಲಸ. ನಮ್ಮ ಬಿ.ಎ. ಹುಟ್ಟಬೇಕಾಗಿದ್ದ ಜಾಗ. ಹಿಂಡಿಗೆ ಒಂದು ಪಟ್ಟದ ಹೋರಿ. ಹಳೇದು ಸತ್ತರೆ, ದನಗಳಿಗೆ ಪೂಜೆ ಮಾಡೋ ಮಾಟ್ಟುಪೊಂಗಲ್ ದಿನ ಕಂಬಳಿ ಮೇಲೆ ಕಬ್ಬಿನ ಕಟ್ಟು ಇಟ್ಟು ಎಳೆ ಹೋರಿಗಳನ್ನ ಬಿಡ್ತಾರೆ. ಯಾವುದು ಮೊದಲು ಕಬ್ಬಿಗೆ ಬಾಯಿ ಹಾಕುತ್ತೋ ಅದಕ್ಕೆ ಪಟ್ಟ. ಆ ವರ್ಷ ಹಾಗೆ ಆರಿಸಬೇಕಾಗಿತ್ತು, ಊರಿಗೆ ಊರೇ ಸೇರಿತ್ತು.

ತಮ್ಮ ದಿಂಡಿಗಲ್ಲಿನ ಹುಡುಗನನ್ನೂ ಕರೆಸಿದ್ದ. ಕಪ್ಪು ಕನ್ನಡಕ, ಕೈಗಡಿಯಾರ. ಪೂಜೆ ಮುಗಿದ ಮೇಲೆ ಅಲ್ಲೇ ವೀಳ್ಯ ಬದಲಾಯಿಸ್ತಾರೆ ಅಂತ ನನ್ನ ಕಿವಿಗೆ ಬಿದ್ದಿತ್ತು. ಆ ಹುಡುಗನ ಪಕ್ಕದಲ್ಲೇ ನಮ್ಮವನು ಬಿಳಿ ವೇಷ್ಟಿ ಉಟ್ಟು ಕಂಬಕ್ಕೆ ಒರಗಿಕೊಂಡು, ಎಲ್ಲಿಂದಲೋ ತಂದ ಕಬ್ಬು ಜಗಿತಾ ನಿಂತಿದ್ದ. ನನ್ನ ಹೊಟ್ಟೆ ಉರಿದುಹೋಯಿತು.

ಹೋರಿ ಬಿಟ್ಟರು. ಒಂದು ಕೆಂದ ಹೋರಿ ಕಂಬಳಿ ಮೇಲಿನ ಕಟ್ಟನ್ನ ಮೂಸಿ, ಬೇಡ ಅಂತ ತಿರುಗಿ, ನೆಟ್ಟಗೆ ನಮ್ಮ ಬಿ.ಎ. ಕಡೆಗೆ ಬಂತು. ಜನ ಹೋ ಅಂತ ಚದುರಿದರು. ದಿಂಡಿಗಲ್ಲಿನ ಹುಡುಗ ದೇವರ ನೈವೇದ್ಯ ಬೇಯಿಸೋ ಮಡೆಪಳ್ಳಿಗೆ ನುಗ್ಗಿ ಒಳಗಿಂದ ಬೀಗ ಜಡಿದುಕೊಂಡ. ಮನೆತನದ ವಿದ್ಯೆ, ಕೈಬಿಡಲಿಲ್ಲ. ನಮ್ಮವನು ಮಾತ್ರ ಕಬ್ಬು ಮುಂದೆ ಚಾಚಿಕೊಂಡು ಕಲ್ಲಿನ ಹಾಗೆ ನಿಂತಿದ್ದ. ಹೋರಿ ಆ ಕಬ್ಬನ್ನ ತುದಿಯಿಂದ ನಿಧಾನಕ್ಕೆ ತಿಂದು, ಬೆರಳವರೆಗೂ ಬಂದು, ಕೈ ನೆಕ್ಕಿತು. ಅವನು ರೆಪ್ಪೆ ಬಡಿಯಲಿಲ್ಲ.

ಹಿಂಡಿನ ಯಜಮಾನರು ಕೈ ಮುಗಿದರು. ದೇವರು ಈ ಹೋರಿಯನ್ನ ಆರಿಸಿದ, ಹೋರಿ ತನ್ನ ಆಳನ್ನ ಆರಿಸಿಕೊಂಡಿತು; ಇನ್ನು ಮೇಲೆ ಪಟ್ಟದ ಹೋರಿಯ ಊಳಿಗ ಈ ಹುಡುಗನದೇ ಅಂತ ಎಲ್ಲರ ಎದುರು ಹೇಳಿಬಿಟ್ಟರು. ಅಂತೂ ಹುಡುಗನಿಗೆ ಒಂದು ಕೆಲಸ ಸಿಕ್ಕಿತು ಅಂತ ತಮ್ಮ ಕಣ್ಣೀರು ಒರೆಸಿಕೊಂಡ.

ನಾನು ಮಾತ್ರ ನೋಡಬಾರದ್ದನ್ನ ನೋಡಿದೆ. ಬಿಳಿ ವೇಷ್ಟಿ ಮುಂದುಗಡೆ ಮೊಣಕಾಲವರೆಗೂ ಒದ್ದೆ. ಧೈರ್ಯ ಎಲ್ಲಿಂದ ಬರಬೇಕು, ಭಯಕ್ಕೆ ಕಾಲೇ ಎದ್ದಿರಲಿಲ್ಲ. ಇನ್ನೊಂದು ಗಳಿಗೆ ಕಳೆದರೆ ಊರೆಲ್ಲ ನೋಡುತ್ತೆ. ದನಗಳಿಗೆ ಚಿಮುಕಿಸೋಕೆ ಇಟ್ಟಿದ್ದ ಅರಿಶಿನ ನೀರಿನ ಕೊಡ ಎತ್ತಿ, "ದೇವರು ಮೆಚ್ಚಿದ ಮಗನೇ" ಅಂತ ಕೂಗಿ ಅವನ ತಲೆ ಮೇಲೆ ಸುರಿದುಬಿಟ್ಟೆ. ನೋಡಿದ ಹೆಂಗಸರೆಲ್ಲ ಇದೇ ಶಾಸ್ತ್ರ ಅಂದುಕೊಂಡು ಒಂದೊಂದು ಬಿಂದಿಗೆ ತಂದು ಸುರಿದರು. ಮೂರು ದಿನ ಶೀತ ಹಿಡಿದು ಮಲಗಿದ, ಮಾನ ಉಳಿಯಿತು.

ಅವತ್ತೇ ವೀಳ್ಯ ಬದಲಾಯಿತು, ನಮ್ಮ ಜೊತೆ. ತಾಂಬೂಲ ಕೊಡೋಕೆ ಬಂದ ಹುಡುಗಿ ನನ್ನ ಕಾಲಿಗೆ ಬಿದ್ದು ಎದ್ದವಳು ಕಿವಿ ಹತ್ತಿರ ಬಾಯಿ ತಂದಳು.

"ಅಜ್ಜಿ, ನೀವು ನೀರು ಸುರಿಯೋಕೆ ಮೊದಲೇ ನಾನು ನೋಡಿದ್ದೆ."

ನನ್ನ ಜೀವ ಹೋಯಿತು. ಮಾಲೆ ತಂದಾಗಲೂ ಅಷ್ಟು ಹೋಗಿರಲಿಲ್ಲ. ನೋಡಿಯೂ ಯಾಕೆ ಒಪ್ಪಿದೆ ಕಣೇ ಅಂತ ಪಿಸುಗುಟ್ಟಿದೆ.

"ಕಬ್ಬು ತಿನ್ನೋಕೆ ಬಂದ ಹೋರಿಗೇ ಅಷ್ಟು ಹೆದರಿದೋರು ನನಗೆ ಎಷ್ಟು ಹೆದರಬೇಕು, ನೀವೇ ಯೋಚನೆ ಮಾಡಿ" ಅಂದಳು.